ಕಾಫಿ ಪಾತ್ರೆಯಲ್ಲಿ ಬಂದ ವನ್ಯತೆ

ನಮ್ಮ ಪ್ರವಾಸಕಥನಕಾರರಿಗೆ ಈಚೆಗೆ ಒಂದು ಮಾತು ಬಹಳ ಪ್ರಿಯವಾಗಿಬಿಟ್ಟಿದೆ: 'ಮನುಷ್ಯನ ಕೈ ಸೋಕದ ಪ್ರಕೃತಿ'. ಯಾವ ಬೆಟ್ಟ ಹತ್ತಿ ಬಂದರೂ, ಯಾವ ನೀರು ನೋಡಿ ಬಂದರೂ ಈ ಮಾತನ್ನು ಲೇಖನದ ಹಣೆಗೆ ಬೊಟ್ಟಿಟ್ಟಂತೆ ಇಟ್ಟುಬಿಡುತ್ತಾರೆ. ಅಮೆರಿಕದಲ್ಲಿ ನೆಲೆಸಿರುವ ನಮ್ಮವರಲ್ಲಿ ಕೆಲವರು ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡ ಪರ್ವತಗಳಿಗೆ ಹೋಗಿ, ಬೆನ್ನ ಮೇಲೆ ಮೂಟೆ ಹೊತ್ತು, ಹತ್ತು ಹನ್ನೊಂದು ಸಾವಿರ ಅಡಿ ಎತ್ತರದ ಸರೋವರಗಳ ದಡದಲ್ಲಿ ಡೇರೆ ಹಾಕಿ, ಟ್ರೌಟ್ ಮೀನಿಗೆ ಗಾಳ ಬೀಸುವ ಹವ್ಯಾಸ ಹಿಡಿದ ಮೇಲಂತೂ ಈ ಮಾತಿಗೆ ಬಿಡುವೇ ಇಲ್ಲ. ಅಮೆರಿಕನ್ನರು ಬಹುಕಾಲದಿಂದ ಹಾಡುತ್ತಿರುವ ರಾಗವನ್ನೇ ನಮ್ಮವರು ಕನ್ನಡದಲ್ಲಿ ಹಾಡುತ್ತಿದ್ದಾರೆ, ಅಷ್ಟೆ.

ನಾನು ಇಲ್ಲಿ ವಾದಿಸಹೊರಟಿರುವುದು ಇಷ್ಟು: ಆ ಸರೋವರಗಳಿಗೆ ಮನುಷ್ಯನ ಕೈ ಸೋಕಿದೆ, ಹಾಗೆ ಸೋಕಿದ್ದಕ್ಕೆ ಗುರುತೇ ಆ ಮೀನು. ಕೆಲವು ಸರೋವರಗಳಿಂದ ಆ ಮೀನನ್ನು ತೆಗೆದುಹಾಕುವ ಕೆಲಸ ಕಳೆದ ಮೂವತ್ತು ವರ್ಷಗಳಿಂದ ನಡೆದಿದೆ. ಅದನ್ನು ವಿರೋಧಿಸುವವರು ತಮ್ಮ ಸಂತೋಷದ ಹೆಸರು ಹೇಳಿ ವಿರೋಧಿಸಲಿ. ಪ್ರಕೃತಿಯ ಹೆಸರು ಹೇಳಿ ವಿರೋಧಿಸುವ ಅಧಿಕಾರ ಅವರಿಗಿಲ್ಲ.

ಇಷ್ಟು ಹೇಳುತ್ತಲೆ, 'ಕನ್ನಡ ಮೇಷ್ಟ್ರು, ಪುಳಿಚಾರಿನ ಜನ, ಇವರಿಗೇನು ಗೊತ್ತು ಮೀನಿನ ವಿಷಯ?' ಎಂಬ ಮಾತು ಬರುತ್ತದೆಂದು ಬಲ್ಲೆ. ನನ್ನ ಷಡ್ಡಕರೇ ಒಮ್ಮೆ ಆಡಿದ್ದಾರೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ನಾನು ಮಲೆನಾಡಿನವನು. ಮುಂಗಾರಿನ ಮೊದಲ ಮಳೆಗೆ ಹಳ್ಳ ಕೆಂಪಾಗಿ ಹರಿದಾಗ ಹತ್ತುಮೀನು ಹಿಡಿಯಲು ದೊಂದಿ ಹಿಡಿದು ಗದ್ದೆಯ ಬದುವಿನ ಮೇಲೆ ಓಡಿದವನು. ಮಳೆಗಾಲದ ರಾತ್ರಿ ಮೀನಿನ ಸಾರಿಲ್ಲದ ಊಟ ನಮ್ಮ ಮನೆಯಲ್ಲಿ ಊಟವೆನಿಸಿಕೊಳ್ಳುತ್ತಿರಲಿಲ್ಲ. ಹಿಂಸೆ ಅಹಿಂಸೆಯ ಚರ್ಚೆಗೂ ನನ್ನ ವಾದಕ್ಕೂ ಸಂಬಂಧವಿಲ್ಲ.

ಗಾಳದವರ ಸುಖವನ್ನು ನಾನು ಕಣ್ಣಾರೆ ಕಂಡವನೂ ಹೌದು. ಕೆಲವು ವರ್ಷಗಳ ಹಿಂದೆ, ಜುಲೈ ತಿಂಗಳಲ್ಲಿ, ಷಡ್ಡಕರು ನನ್ನನ್ನು ಕಾಟನ್‌ವುಡ್ ಸರೋವರಗಳಿಗೆ ಕರೆದುಕೊಂಡು ಹೋಗಿದ್ದರು. ಲೋನ್ ಪೈನ್ ಎಂಬ ಊರಿನಿಂದ ಅಂಕುಡೊಂಕಿನ ದಾರಿಯಲ್ಲಿ ಕಾರು ಹತ್ತು ಸಾವಿರ ಅಡಿಯವರೆಗೆ ಏರುತ್ತದೆ. ಅಲ್ಲಿಂದ ಮುಂದೆ ಐದಾರು ಮೈಲಿ ಕಾಲುನಡಿಗೆ. ರಾತ್ರಿ ತಂಗಬೇಕಾದರೆ ಅರಣ್ಯ ಇಲಾಖೆಯ ಪರವಾನಗಿ ಬೇಕು. ಕರಡಿ ತೆರೆಯಲಾರದಂಥ ಗಟ್ಟಿ ಡಬ್ಬಿಯಲ್ಲಿ ಆಹಾರವನ್ನು ತುಂಬಿ ಒಯ್ಯಬೇಕು. ನರಿಬಾಲದಂಥ ಕೊಂಬೆಗಳ ಪೈನ್ ಮರಗಳ ನಡುವೆ ಏದುಸಿರು ಬಿಡುತ್ತ ಹತ್ತಿದರೆ, ಹನ್ನೊಂದು ಸಾವಿರ ಅಡಿ ಎತ್ತರದಲ್ಲಿ ಬಂಡೆಗಳ ಬಟ್ಟಲಿನೊಳಗೆ ನೀಲಿ ನೀರು. ಅದರ ಮೇಲೆ ಹದಿನಾಲ್ಕು ಸಾವಿರ ಅಡಿಯ ಲ್ಯಾಂಗ್ಲಿ ಶಿಖರ.

ಅಲ್ಲಿ ಷಡ್ಡಕರು ಕೋಲನ್ನು ಜೋಡಿಸಿ, ಎಳೆಎಳೆಯಾಗಿ ದಾರ ಬಿಟ್ಟು, ಗರಿ ಮತ್ತು ನೂಲಿನಿಂದ ಕಟ್ಟಿದ ಅಕ್ಕಿಕಾಳಿನಷ್ಟು ದೊಡ್ಡ ಹುಸಿ ನೊಣವನ್ನು ನೀರಿನ ಮೇಲೆ ಇಳಿಸಿದ ರೀತಿಯನ್ನು ನೋಡಬೇಕಿತ್ತು. ಗಾಳದ ಭಾರದಿಂದಲ್ಲ, ದಾರದ ಭಾರದಿಂದಲೇ ಅದು ದೂರ ಹೋಗುತ್ತದೆ. ತಲೆಯ ಮೇಲೆ ದಾರ ಹಿಂದಕ್ಕೆ ಒಮ್ಮೆ ಮುಂದಕ್ಕೆ ಒಮ್ಮೆ ಚಾಚಿಕೊಂಡು, ಕೊನೆಗೆ ನಿಜವಾದ ನೊಣ ಕೂತಷ್ಟೇ ಹಗುರವಾಗಿ ಕೂರುತ್ತದೆ. ಇದು ಕಲೆ, ವರ್ಷಗಟ್ಟಲೆ ಕಲಿತರೆ ಬರುವ ಕಲೆ. ಸಿಕ್ಕಿದ ಮೀನು ಗೇಣುದ್ದದ್ದು. ಚಿನ್ನದ ಬಣ್ಣದ ಮೈ, ಹೊಟ್ಟೆಯ ಮೇಲೆ ಕುಂಕುಮದ ಪಟ್ಟೆ. ಅಷ್ಟು ಚೆಲುವಾದ ಮೀನನ್ನು ನಾನು ನೋಡಿರಲಿಲ್ಲ. ಷಡ್ಡಕರು ಅದನ್ನು ಒದ್ದೆ ಕೈಯಲ್ಲಿ ಕ್ಷಣಕಾಲ ಹಿಡಿದು ಮತ್ತೆ ನೀರಿಗೆ ಬಿಟ್ಟು, ದೀರ್ಘವಾಗಿ ಉಸಿರೆಳೆದು ನುಡಿದರು:

"ನೋಡಿ ಮೇಷ್ಟ್ರೇ, ದೇವರು ಸೃಷ್ಟಿ ಮುಗಿಸಿದ ಮಾರನೆಯ ದಿನ ಇದು ಹೇಗಿತ್ತೋ ಇವತ್ತೂ ಹಾಗೇ ಇದೆ."

"ಈ ಮೀನೂ ಇತ್ತೇ ಭಾವ, ಆವತ್ತು?"

"ಮೀನಿಲ್ಲದೆ ಇದೆಂಥ ಸರೋವರ ಆಗುತ್ತೆ?"

ನನ್ನ ಜಗಳವೆಲ್ಲ ಈ ಕೊನೆಯ ವಾಕ್ಯದೊಂದಿಗೆ.

ಆ ಮೀನು ಅಲ್ಲಿಗೆ ಹೇಗೆ ಬಂತೆಂಬುದಕ್ಕೆ ದಾಖಲೆಯಿದೆ. ೧೮೭೬ರಲ್ಲಿ ಆ ತೊರೆಯ ಪಕ್ಕದಲ್ಲಿ ಮರ ಕೊಯ್ಯುವ ಕಾರ್ಖಾನೆ ನಡೆಸುತ್ತಿದ್ದ ಕರ್ನಲ್ ಷೆರ್ಮನ್ ಸ್ಟೀವನ್ಸ್ ಎಂಬಾತ ದಿಣ್ಣೆಯ ಆಚೆಗಿನ ಮಲ್ಕಿ ತೊರೆಯಿಂದ ಸುಮಾರು ಒಂದು ಡಜನ್ ಚಿನ್ನದ ಟ್ರೌಟ್‌ಗಳನ್ನು ಕಾಫಿ ಪಾತ್ರೆಯಲ್ಲಿ ಹಾಕಿ ತಂದು ಕಾಟನ್‌ವುಡ್ ತೊರೆಗೆ ಬಿಟ್ಟ. ಹೌದು, ಕಾಫಿ ಕಾಸುವ ಪಾತ್ರೆಯಲ್ಲಿಯೆ. ತೊರೆಯಲ್ಲಿ ಅವು ಹೆಚ್ಚಿದವು; ೧೮೯೧ರಲ್ಲಿ ಅಲ್ಲಿಂದ ಎತ್ತಿ ಮೇಲಿನ ಸರೋವರಗಳಿಗೆ ಬಿಟ್ಟರು. ಮುಂದೆ ಆ ಸರೋವರಗಳೇ ಮೀನಿನ ಮೊಟ್ಟೆ ಸಂಗ್ರಹಿಸುವ ಕಣಜವಾದವು. ಅಲ್ಲಿನ ಮೊಟ್ಟೆಯಿಂದ ಮರಿ ಮಾಡಿಸಿ ಸರಕಾರದವರು ಪರ್ವತಶ್ರೇಣಿಯ ಉದ್ದಕ್ಕೂ ಹಂಚಿದರು. ೧೯೪೭ರಲ್ಲಿ ಆ ಮೀನಿಗೆ ಕ್ಯಾಲಿಫೋರ್ನಿಯಾದ ರಾಜ್ಯಮತ್ಸ್ಯವೆಂಬ ಪದವಿಯೂ ದೊರೆಯಿತು. ಅದರ ನಿಜವಾದ ತವರು ಕರ್ನ್ ನದಿಯ ಮೇಲ್ಕಣಿವೆಯ ಒಂದೆರಡು ತೊರೆಗಳು ಮಾತ್ರ. ತಮಾಷೆಯೆಂದರೆ ಆ ತವರಿನಲ್ಲಿಯೇ ಅದಕ್ಕೆ ನೆಮ್ಮದಿಯಿಲ್ಲ. ಹೊರಗಿನಿಂದ ತಂದುಬಿಟ್ಟ ಮಳೆಬಿಲ್ಲು ಟ್ರೌಟ್ ಅದರ ಜಾತಿಯನ್ನು ಬೆರಕೆ ಮಾಡಿತು, ಕಂದು ಟ್ರೌಟ್ ಅದನ್ನು ತಿಂದುಹಾಕಿತು. ಒಂದು ಕಡೆ ಇಲ್ಲದ ಜಾಗಕ್ಕೆ ತಂದು ಬಿಡುವುದು, ಇನ್ನೊಂದು ಕಡೆ ಇದ್ದ ಜಾಗದಲ್ಲಿ ಕೆಡಿಸುವುದು, ಎರಡನ್ನೂ ಮಾಡಿದವರು ಒಬ್ಬರೇ.

ಇದು ಒಂದು ಸರೋವರದ ಕಥೆಯಲ್ಲ. ಹಿಮನದಿಗಳು ಕೊರೆದು ಹತ್ತು ಸಾವಿರ ವರ್ಷಗಳಿಗೂ ಹಿಂದೆ ಬಿಟ್ಟುಹೋದ ಬಂಡೆಬಟ್ಟಲುಗಳು ಸಿಯೆರಾದ ಎತ್ತರದಲ್ಲಿ ಸಾವಿರಾರು ಇವೆ. ಅವುಗಳಲ್ಲಿ ಬಹುತೇಕ ಎಲ್ಲವೂ ಮೂಲದಲ್ಲಿ ಮೀನಿಲ್ಲದವು. ಕಾರಣವನ್ನು ಮಲೆನಾಡಿನ ಯಾವ ಹುಡುಗನಾದರೂ ಹೇಳಬಲ್ಲ. ಹತ್ತುಮೀನು ಎಷ್ಟೇ ಹುರುಪಿನಿಂದ ಹೊಳೆಯ ವಿರುದ್ಧ ಹತ್ತಿದರೂ ಜೋಗದ ಬಂಡೆಯನ್ನು ಹತ್ತಲಾರದು. ಸಿಯೆರಾದ ಕಣಿವೆಗಳ ಬಾಯಲ್ಲೆಲ್ಲ ಅಂಥ ಧುಮುಕುಗಳಿವೆ. ಮೀನು ಕೆಳಗೆ ಉಳಿಯಿತು. ಮೇಲಿನ ನೀರು ಬೇರೆ ಜೀವಿಗಳ ಪಾಲಾಯಿತು.

ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಗಣಿಯವರು, ಕುರಿಯವರು, ಹೇಸರಗತ್ತೆ ಹೊಡೆಯುವವರು ಹಾಲಿನ ಕ್ಯಾನುಗಳಲ್ಲಿ ಮೀನು ತುಂಬಿ ಮೇಲೆ ಸಾಗಿಸತೊಡಗಿದರು. ೧೮೭೦ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸರಕಾರವೇ ಮೀನಿನ ಆಯೋಗವೊಂದನ್ನು ನೇಮಿಸಿತು. ಪರ್ವತಪ್ರೇಮಿಗಳ ಸಂಘವಾದ ಸಿಯೆರಾ ಕ್ಲಬ್ಬಿನವರೂ ಈ ಕೆಲಸಕ್ಕೆ ಕೈಜೋಡಿಸಿದ್ದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಹೇಸರಗತ್ತೆಯ ಕಷ್ಟವೂ ತಪ್ಪಿತು: ವಿಮಾನದಲ್ಲಿ ಮೀನಿನ ಮರಿಗಳನ್ನು ಒಯ್ದು, ಸರೋವರದ ಮೇಲೆ ಹಾರುತ್ತ, ಹೊಟ್ಟೆಯ ಬಾಗಿಲು ತೆರೆದು ಸುರಿಯತೊಡಗಿದರು. ಎರಡು ದಿನ ನಡೆದು, ಮೊಣಕಾಲು ನೋಯಿಸಿಕೊಂಡು, ಮನುಷ್ಯಲೋಕವನ್ನು ಹಿಂದೆ ಬಿಟ್ಟೆನೆಂದು ಹಿಗ್ಗುತ್ತ ಒಬ್ಬಾತ ಹಿಡಿಯುವ ಮೀನಿನ ಅಜ್ಜ ಆಕಾಶದಿಂದ ವಿಮಾನದಲ್ಲಿ ಬಂದಿಳಿದವನು.

ಇಲ್ಲಿ ನನ್ನ ವೃತ್ತಿಗೆ ಸಂಬಂಧಿಸಿದ ಒಂದು ಮಾತು. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ ಸಾಕು, ಕನ್ನಡದಲ್ಲಿ ಸಾಲದು. ಕೆರೆಯನ್ನು ನಾವು ಕಟ್ಟುತ್ತೇವೆ. ಸರೋವರವನ್ನು ಯಾರೂ ಕಟ್ಟುವುದಿಲ್ಲ. ಕೆರೆಗೆ ಏರಿಯಿದೆ, ತೂಬಿದೆ, ಕೋಡಿಯಿದೆ; ಕಟ್ಟಿಸಿದವರ ಹೆಸರು ಹೇಳುವ ಶಾಸನ ದಂಡೆಯ ಮೇಲೆ ನಿಂತಿರುತ್ತದೆ. ಕೆರೆಗೆ ಮೀನುಗಾರಿಕೆ ಇಲಾಖೆಯವರು ಕಾಟ್ಲಾ, ರೋಹು ಮರಿಗಳನ್ನು ಬಿಟ್ಟರೆ, ಮೀನು ಹಿಡಿಯುವ ಹಕ್ಕನ್ನು ಹರಾಜು ಹಾಕಿದರೆ ಅದರಲ್ಲಿ ಮೋಸವಿಲ್ಲ. ಕೆರೆ ಇರುವುದೇ ನಮ್ಮ ಉಪಯೋಗಕ್ಕೆಂದು ಎಲ್ಲರೂ ಬಲ್ಲರು. ಸಿಯೆರಾದಲ್ಲಿ ಆದದ್ದೇನು? ಸರೋವರಗಳನ್ನು ಗುಟ್ಟಾಗಿ ಕೆರೆ ಮಾಡಿಕೊಂಡರು. ಹೆಸರನ್ನು ಮಾತ್ರ ಸರೋವರವೆಂದೇ ಉಳಿಸಿಕೊಂಡರು. ೧೯೬೪ರ ವನ್ಯಪ್ರದೇಶ ಕಾಯಿದೆ ಇಂಥ ಪ್ರದೇಶದಲ್ಲಿ ಮನುಷ್ಯ ಬಂದುಹೋಗುವ ಅತಿಥಿ ಮಾತ್ರ ಎನ್ನುತ್ತದೆ. ಅತಿಥಿಯಾದವನು ಬರುವಾಗ ತನ್ನ ಊಟದ ಕೋಳಿಗಳನ್ನೂ ತಂದು, ಮನೆಯವರ ಅಡುಗೆಮನೆಯಲ್ಲಿ ಬಿಟ್ಟು, ಅವು ಅಲ್ಲಿಯ ಕಾಳನ್ನೆಲ್ಲ ತಿಂದು ಮುಗಿಸಿದ ಮೇಲೆ 'ಇದು ಕೋಳಿಗಳ ಮನೆ' ಎಂದು ಸಾರಿದರೆ ಹೇಗೆ?

ಅಂದಿನ ಸರಕಾರಿ ಅಧಿಕಾರಿಗಳು ಮೀನಿಲ್ಲದ ಸರೋವರಗಳಿಗೆ ಕೊಟ್ಟ ಹೆಸರು ಇನ್ನೂ ಸೊಗಸು. ಅವನ್ನು 'ಬಂಜೆ' ಎಂದು ಕರೆದರು. ಹೆಣ್ಣನ್ನು ಹೀಗೆ ಕರೆಯಬಾರದೆಂದು ನಮ್ಮ ಸಮಾಜ ಈಗೀಗ ಕಲಿಯುತ್ತಿದೆ. ನೀರಿನ ವಿಷಯದಲ್ಲಿ ಆ ಮಾತು ಅಮಾನುಷವಷ್ಟೇ ಅಲ್ಲ, ಅಪ್ಪಟ ಸುಳ್ಳು. ಬಂಜೆಯೆನಿಸಿಕೊಂಡ ಆ ನೀರಿನಲ್ಲಿ ಕೆಂಪು ಬಣ್ಣದ ಸಣ್ಣ ಜಲಜೀವಿಗಳಿದ್ದವು, ಈಜುವ ಹುಳುಗಳಿದ್ದವು, ಅವುಗಳನ್ನು ತಿಂದು ಬಾಳುವ ಹಕ್ಕಿಗಳಿದ್ದವು. ಎಲ್ಲಕ್ಕಿಂತ ಹೆಚ್ಚಾಗಿ, ದಡದ ತುಂಬ ಕಪ್ಪೆಗಳಿದ್ದವು.

ಆ ಕಪ್ಪೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಅದರ ಪರವಾಗಿ ಪ್ರವಾಸಕಥನ ಬರೆದವರಿಲ್ಲ. ಹೊಟ್ಟೆ ಮತ್ತು ಹಿಂಗಾಲಿನ ಒಳಭಾಗ ಹಳದಿಯಾದ್ದರಿಂದ ಅದಕ್ಕೆ ಹಳದಿ ಕಾಲಿನ ಕಪ್ಪೆಯೆಂದು ಹೆಸರು. ಕೈಯಲ್ಲಿ ಹಿಡಿದರೆ ಬೆಳ್ಳುಳ್ಳಿಯ ವಾಸನೆ ಬರುತ್ತದಂತೆ. ನಮ್ಮ ಗದ್ದೆಯ ಕಪ್ಪೆಗಳಂತೆ ಊರೆಲ್ಲ ಕೇಳುವ ಹಾಗೆ ವಟಗುಟ್ಟುವುದು ಅದಕ್ಕೆ ಬಾರದು. ಗಂಟಲಿನ ಚೀಲವಿಲ್ಲ, ಕೂಗಿದರೂ ಹೆಚ್ಚಾಗಿ ನೀರಿನೊಳಗೇ ಕೂಗುತ್ತದೆ. ಹನ್ನೊಂದು ಸಾವಿರ ಅಡಿಯಲ್ಲಿ ವರ್ಷದ ಎಂಟು ಒಂಬತ್ತು ತಿಂಗಳು ನೀರಿನ ಮೇಲೆ ಮಂಜುಗಡ್ಡೆಯಿರುತ್ತದೆ. ಅದರ ಅಡಿಯಲ್ಲಿ, ಸರೋವರದ ತಳದಲ್ಲಿ, ಕಪ್ಪೆ ಚಳಿಗಾಲ ಕಳೆಯುತ್ತದೆ. ಬೇಸಗೆ ಅಷ್ಟು ಗಿಡ್ಡದಾದ್ದರಿಂದ ಅದರ ಗೊದಮೊಟ್ಟೆ ಒಂದೇ ವರ್ಷದಲ್ಲಿ ಕಪ್ಪೆಯಾಗಲಾರದು. ಎರಡು, ಮೂರು, ಒಮ್ಮೊಮ್ಮೆ ನಾಲ್ಕು ವರ್ಷ ಬೇಕು. ಅಷ್ಟು ವರ್ಷವೂ ಅದು ತಳದವರೆಗೆ ಹೆಪ್ಪುಗಟ್ಟದ ಆಳವಾದ ನೀರಿನಲ್ಲಿಯೇ ಇರಬೇಕು. ಅದೇ ಆಳವಾದ ನೀರೇ ಟ್ರೌಟಿಗೂ ಬೇಕಾದದ್ದು. ಗೊದಮೊಟ್ಟೆಗೆ ಅಡಗಲು ಜಾಗವಿಲ್ಲ, ಓಡಲು ವೇಗವಿಲ್ಲ. ಹತ್ತು ಸಾವಿರ ವರ್ಷ ಮೀನನ್ನೇ ಕಾಣದ ವಂಶಕ್ಕೆ ಮೀನಿನ ಭಯ ಎಲ್ಲಿಂದ ಬರಬೇಕು?

ಇದು ಇಂದಿನ ವಿಜ್ಞಾನಿಗಳು ಹೊಸದಾಗಿ ಕಂಡುಹಿಡಿದ ಸಂಗತಿಯೆಂದು ಯಾರೂ ತಿಳಿಯಬೇಕಾಗಿಲ್ಲ. ಯೊಸೆಮಿಟಿಯ ಪ್ರಾಣಿಗಳನ್ನು ಕುರಿತು ಗ್ರಿನೆಲ್ ಮತ್ತು ಸ್ಟೋರರ್ ಎಂಬ ಇಬ್ಬರು ೧೯೨೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಕಪ್ಪೆ ಆ ಎತ್ತರದಲ್ಲಿ ಎಲ್ಲಕ್ಕಿಂತ ಹೇರಳವಾದ ಉಭಯಚರಗಳಲ್ಲೊಂದು. ಸರೋವರಕ್ಕೆ ಮೀನು ಬಂದರೆ ಇಂದೋ ನಾಳೆಯೋ ಕಪ್ಪೆ ಇಲ್ಲವಾಗುತ್ತದೆ ಎಂಬ ಸಂಗತಿ ಸ್ಪಷ್ಟವಾಗಿದೆ. ಅಂದರೆ ವಿಮಾನ ಮೀನು ಸುರಿಯುವುದಕ್ಕೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಮೊದಲೇ ಫಲ ತಿಳಿದಿತ್ತು, ತಿಳಿದೂ ಸುರಿದರು. ಇಂದು ಆ ಕಪ್ಪೆ ತಾನು ಹಿಂದೆ ಇದ್ದ ನೆಲೆಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಕಡೆ ಇಲ್ಲ. ೨೦೧೪ರಲ್ಲಿ ಅಮೆರಿಕ ಸರಕಾರ ಅದನ್ನು ಅಳಿವಿನಂಚಿನ ಜೀವಿಯೆಂದು ಘೋಷಿಸಿತು. ಕಾಟನ್‌ವುಡ್ಡಿನಲ್ಲಿ ಎರಡು ದಿನ ದಡ ಸುತ್ತಿದ ನನ್ನ ಕಣ್ಣಿಗೆ ಮೀನು ನೂರಾರು ಬಿದ್ದವು. ಕಪ್ಪೆ ಒಂದೂ ಬೀಳಲಿಲ್ಲ.

ಕಪ್ಪೆ ಹೋದ ಮೇಲೆ ಅದನ್ನು ನುಂಗಿ ಬದುಕುತ್ತಿದ್ದ ಹಾವೂ ಆ ನೀರಿನಿಂದ ದೂರವಾಯಿತು. ನೀರಿನಲ್ಲಿ ಮರಿಯಾಗಿ ಬೆಳೆದು, ರೆಕ್ಕೆ ಬಂದು, ಒಂದೆರಡು ದಿನ ಹಾರಿ ಸಾಯುವ ಹುಳುಗಳನ್ನು ಟ್ರೌಟ್ ಮರಿಯಲ್ಲಿಯೇ ಮುಗಿಸಿಬಿಡುವುದರಿಂದ, ಆ ಹುಳುಗಳನ್ನು ಗುಟುಕಾಗಿ ಒಯ್ಯುತ್ತಿದ್ದ ಬೂದು ನೆತ್ತಿಯ ಗುಲಾಬಿ ಫಿಂಚ್ ಹಕ್ಕಿ ಮೀನಿರುವ ಸರೋವರಗಳ ಬಳಿ ಬಹಳ ವಿರಳ. ಗಾಳದವರು ಗರಿಯಿಂದ ಕಟ್ಟಿಕೊಂಡು ಹೋಗುವ ಹುಸಿ ನೊಣ ಇದೇ ಹುಳುವಿನ ಅನುಕರಣೆ! ಅಸಲನ್ನು ಮೀನಿಗೆ ತಿನ್ನಿಸಿ, ನಕಲನ್ನು ಪೆಟ್ಟಿಗೆಯಲ್ಲಿಟ್ಟು ಕಾಪಾಡುತ್ತಿದ್ದಾರೆ.

ಈಗ ಎದುರುವಾದಗಳು. 'ನೂರೈವತ್ತು ವರ್ಷವಾಯಿತು, ಇನ್ನು ಅವು ಅಲ್ಲಿಯವೇ' ಎಂಬುದು ಸಾಮಾನ್ಯವಾಗಿ ಕೇಳುವ ಮಾತು. ನೂರೈವತ್ತನ್ನು ಹತ್ತು ಸಾವಿರದ ಪಕ್ಕದಲ್ಲಿಟ್ಟು ನೋಡಿ ಎನ್ನುವುದರ ಹೊರತು ಇದಕ್ಕೆ ಉತ್ತರ ಬೇಡ. ಅಷ್ಟೂ ಅಲ್ಲದೆ, ಮೊಟ್ಟೆಯಿಡಲು ಹೊಂದುವ ತೊರೆಯಿಲ್ಲದ ಸರೋವರಗಳಲ್ಲಿ ಮತ್ತೆ ಮತ್ತೆ ಮರಿ ತಂದು ಸುರಿಯದಿದ್ದರೆ ಮೀನು ತಾನಾಗಿಯೇ ತೀರಿಹೋಗುತ್ತದೆ. ಸರಕಾರದ ಖಜಾನೆ ನಿಂತರೆ ನಿಲ್ಲುವ ವಂಶವನ್ನು ಯಾವ ಬಾಯಿಂದ ಸ್ಥಳೀಯವೆನ್ನುವುದು?

'ಕಪ್ಪೆಯನ್ನು ಕೊಂದದ್ದು ರೋಗ, ಮೀನಲ್ಲ' ಎಂಬುದು ಇದಕ್ಕಿಂತ ಗಟ್ಟಿಯಾದ ವಾದ, ಇದನ್ನು ತಳ್ಳಿಹಾಕಲಾಗದು. ಚರ್ಮಕ್ಕೆ ಹತ್ತುವ ಕೈಟ್ರಿಡ್ ಎಂಬ ಶಿಲೀಂಧ್ರ ಜಗತ್ತಿನಾದ್ಯಂತ ಕಪ್ಪೆಗಳನ್ನು ಸಂಹಾರ ಮಾಡಿದೆ. ಕಿಂಗ್ಸ್ ಕ್ಯಾನ್ಯನ್ ಉದ್ಯಾನದ ಸಿಕ್ಸ್ಟಿ ಲೇಕ್ ಕಣಿವೆಯಲ್ಲಿ ೧೯೯೬ರ ನಂತರ ಕೆಲವು ಸರೋವರಗಳಿಂದ ಮೀನು ತೆಗೆದಾಗ ಕೆಲವೇ ವರ್ಷಗಳಲ್ಲಿ ಕಪ್ಪೆ ತುಂಬಿಕೊಂಡಿತ್ತು. ೨೦೦೪ರಲ್ಲಿ ಅಲ್ಲಿಗೆ ರೋಗ ಬಂದು ಅವುಗಳಲ್ಲಿ ಬಹುಪಾಲು ಸತ್ತವು. ಗಾಳದವರು ಇದನ್ನು ಎತ್ತಿ ಆಡುತ್ತಾರೆ. ಆದರೆ ಯೊಸೆಮಿಟಿಯ ಕಥೆಯನ್ನು ಅವರು ಎತ್ತುವುದಿಲ್ಲ. ಅಲ್ಲಿಗೂ ರೋಗ ಬಂದಿತ್ತು, ಹೋಗಿಲ್ಲ. ಅಲ್ಲಿ ಮೀನು ಬಿಡುವುದನ್ನು ೧೯೯೧ರಲ್ಲಿ ನಿಲ್ಲಿಸಿದರು. ಇಪ್ಪತ್ತು ವರ್ಷಗಳ ಎಣಿಕೆಯ ಫಲ ೨೦೧೬ರಲ್ಲಿ ಪ್ರಕಟವಾಯಿತು: ಕಪ್ಪೆಗಳ ಸಂಖ್ಯೆ ಸುಮಾರು ಏಳು ಪಟ್ಟು ಏರಿತ್ತು. ರೋಗವನ್ನು ಜಯಿಸಿ ಉಳಿದ ಕೆಲವೇ ಕಪ್ಪೆಗಳು ಮತ್ತೆ ಹರಡಬೇಕಾದರೆ ಮೀನಿಲ್ಲದ ಆಳದ ನೀರು ಬೇಕು. ಕಾಯಿಲೆಯಿಂದ ಎದ್ದವನಿಗೆ ಮನೆಯನ್ನೇ ಬಿಟ್ಟುಕೊಡದೆ 'ಇವನನ್ನು ಕೊಂದದ್ದು ಕಾಯಿಲೆ' ಎನ್ನುವುದು ಯಾವ ನ್ಯಾಯ?

ಮೂರನೆಯ ಮಾತಿನಲ್ಲಿ ಸತ್ಯಾಂಶವಿದೆಯೆಂದು ಒಪ್ಪುತ್ತೇನೆ. ಗಾಳದವರ ಹಣದಿಂದಲೇ ಅಲ್ಲಿನ ನೀರುಗಳ ರಕ್ಷಣೆ ನಡೆಯುತ್ತದೆ ಎನ್ನುತ್ತಾರೆ. ಗಾಳದ ಸಾಮಾನಿನ ಮೇಲಿನ ತೆರಿಗೆಯನ್ನು ಮೀನಿನ ಸಂರಕ್ಷಣೆಗೆ ಕೊಡುವ ಕಾಯಿದೆ ೧೯೫೦ರಿಂದ ಇದೆ. ಅಣೆಕಟ್ಟು ಕಟ್ಟುವವರ ವಿರುದ್ಧ, ನದಿ ಕೆಡಿಸುವವರ ವಿರುದ್ಧ ಗಾಳದವರು ಹೋರಾಡಿದ್ದೂ ಉಂಟು. ನದಿಗಳಿಗೆ ಅವರು ಮಾಡಿದ ಉಪಕಾರಕ್ಕೆ ನಮಸ್ಕಾರ. ಆದರೆ ಆ ಪುಣ್ಯವನ್ನು ಎತ್ತರದ ಸರೋವರಗಳ ಲೆಕ್ಕಕ್ಕೆ ಜಮಾ ಮಾಡಲಾಗದು. ಅದೇ ಬೊಕ್ಕಸದಿಂದಲೇ ಮೀನು ಸುರಿಯುವ ಖರ್ಚೂ ನಡೆದದ್ದು.

ಹಿಡಿದು ಬಿಡುವ ವ್ರತವನ್ನೂ ಇಲ್ಲಿ ಎತ್ತುತ್ತೇನೆ. ಸಜ್ಜನರು ಹೆಚ್ಚು ಹೆಮ್ಮೆಪಡುವುದು ಇದರ ಬಗ್ಗೆಯೆ. ನದಿಯಲ್ಲಿ ಅದು ಒಳ್ಳೆಯ ಪದ್ಧತಿಯಿರಬಹುದು. ಮೀನೇ ಅತಿಕ್ರಮಣಕಾರನಾದ ಸರೋವರದಲ್ಲಿ ಅದನ್ನು ಮುತ್ತಿಟ್ಟು ನೀರಿಗೆ ಬಿಡುವುದು ಯಾರ ಮೇಲಿನ ಕರುಣೆ? ಅಲ್ಲಿನ ಎಷ್ಟೋ ಸರೋವರಗಳಲ್ಲಿ ಮೀನು ಅತಿಯಾಗಿ, ಆಹಾರ ಸಾಲದೆ, ತಲೆ ದೊಡ್ಡದಾಗಿ ಮೈ ಸಣ್ಣದಾಗಿರುತ್ತದೆ. ನಮ್ಮ ಅಜ್ಜಿಯಿದ್ದರೆ ಒಂದು ಹೊತ್ತಿನ ಸಾರಿಗೆ ಇಪ್ಪತ್ತು ಹಿಡಿದು ತನ್ನಿ ಎನ್ನುತ್ತಿದ್ದಳು. ವಿಜ್ಞಾನ ಓದದಿದ್ದರೂ ಕಪ್ಪೆಯ ಕಡೆಗೆ ಆಕೆಯೇ ಹೆಚ್ಚು ಉಪಕಾರಿಯಾಗುತ್ತಿದ್ದಳು.

ಮೀನು ತೆಗೆಯುವುದು ಹೇಗೆ ಎಂಬುದನ್ನು ಹೇಳಿದರೆ ಅದನ್ನು ಕ್ರೌರ್ಯವೆನ್ನುವವರಿಗೆ ಪ್ರಮಾಣ ತಿಳಿದೀತು. ಸಣ್ಣ ಸರೋವರಗಳಲ್ಲಿ ಕಿವಿರು ಸಿಕ್ಕಿಬೀಳುವ ಬಲೆಗಳನ್ನು ಹಾಸುತ್ತಾರೆ, ಚಳಿಗಾಲದಲ್ಲಿ ಮಂಜುಗಡ್ಡೆಯ ಅಡಿಯಲ್ಲಿಯೂ ಬಲೆ ಇರುತ್ತದೆ, ವರ್ಷಗಳ ಕೆಲಸ. ತರುಣರು ಬೇಸಗೆಯುದ್ದಕ್ಕೂ ಡೇರೆಗಳಲ್ಲಿದ್ದು ಈ ಬಲೆ ಬಿಡಿಸುತ್ತಾರೆ. ಸಿಕೋಯಾ ಮತ್ತು ಕಿಂಗ್ಸ್ ಕ್ಯಾನ್ಯನ್ ಉದ್ಯಾನಗಳಲ್ಲಿ ೨೦೧೬ರಲ್ಲಿ ಒಪ್ಪಿಗೆಯಾದ ಯೋಜನೆಯ ಪ್ರಕಾರವೂ ಮೀನಿರುವ ಸರೋವರಗಳಲ್ಲಿ ಬಹುಪಾಲು ಗಾಳದವರಿಗೇ ಉಳಿಯುತ್ತವೆ. ಅಂದರೆ ಕಪ್ಪೆ ಕೇಳುತ್ತಿರುವುದು ತನ್ನ ಮನೆಯ ಒಂದು ಕೋಣೆಯನ್ನು. ಅಷ್ಟಕ್ಕೂ ಕೂಗೆದ್ದಿದೆ! ನಮ್ಮ ಭಾಷೆಯಲ್ಲಿ ಸಂಕುಚಿತ ಮನಸ್ಸಿನವನನ್ನು ಬಾವಿಯ ಕಪ್ಪೆ ಎನ್ನುವ ರೂಢಿಯಿದೆ. ಇಲ್ಲಿ ಬಾವಿಯಿಂದಾಚೆ ನೋಡದವನು ಯಾರೆಂದು ವಾಚಕರೇ ತೀರ್ಮಾನಿಸಲಿ.

ಎಲ್ಲೋ ದೂರದ ಕಪ್ಪೆಗಾಗಿ ಬೆಂಗಳೂರಿನ ಪತ್ರಿಕೆಯಲ್ಲಿ ಇಷ್ಟು ಶಾಯಿ ಏಕೆ ಎಂದು ಕೇಳುವವರಿದ್ದಾರೆ. ಇದೇ ಕಥೆ ನಮ್ಮ ಕಾವೇರಿಯಲ್ಲಿಯೂ ನಡೆದಿದೆ. ಐವತ್ತು ಕಿಲೋಗ್ರಾಮಿಗೂ ಮೀರಿ ಬೆಳೆಯುತ್ತಿದ್ದ, ಕಾವೇರಿಯ ನೀರಿನ ಹೊರತು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಗೂನುಬೆನ್ನಿನ ಮಹಶೀರ್ ಮೀನಿಗಾಗಿ ಗಾಳದವರು ದೇಶವಿದೇಶಗಳಿಂದ ನಮ್ಮ ನದಿಗೆ ಬರುತ್ತಿದ್ದರು. ಮಹಶೀರ್ ಕಡಮೆಯಾಯಿತೆಂದು, ಸದುದ್ದೇಶದಿಂದಲೇ, ೧೯೭೦ರ ದಶಕದಿಂದ ಮಹಾರಾಷ್ಟ್ರದ ಲೋಣಾವಳದಲ್ಲಿ ಮರಿ ಮಾಡಿಸಿದ ನೀಲಿ ರೆಕ್ಕೆಯ ಬೇರೊಂದು ಮಹಶೀರನ್ನು ತಂದು ಕಾವೇರಿಗೆ ಬಿಟ್ಟರು. ನದಿಯಲ್ಲಿ ಮಹಶೀರ್ ಹೆಚ್ಚಿತು, ಎಲ್ಲರೂ ಸಂತೋಷಪಟ್ಟರು, ಹೆಚ್ಚಿದ್ದು ಬೇರೆಯದು, ಕರಗಿದ್ದು ನಮ್ಮದು ಎಂಬುದನ್ನು ಬಹುಕಾಲ ಯಾರೂ ಲೆಕ್ಕ ಹಾಕಲಿಲ್ಲ. ನಮ್ಮ ಗೂನುಬೆನ್ನಿನ ಮೀನಿಗೆ ಅದರ ಸರಿಯಾದ ವೈಜ್ಞಾನಿಕ ಹೆಸರು ಗೊತ್ತುಪಡಿಸಿದ್ದು ೨೦೧೮ರಲ್ಲಿ. ಅಷ್ಟರಲ್ಲಿ ಅದು ತೀವ್ರವಾಗಿ ಅಳಿವಿನಂಚಿಗೆ ಬಂದ ಜೀವಿಗಳ ಪಟ್ಟಿಗೆ ಸೇರುವ ಸ್ಥಿತಿಯಲ್ಲಿತ್ತು.

ಗಾಳದವರಿಗೆ ಸಲ್ಲಬೇಕಾದ ಗೌರವವೊಂದು ಇಲ್ಲಿದೆ. ಅದನ್ನು ಮರೆಮಾಚುವುದು ಧರ್ಮವಲ್ಲ. ಕಾವೇರಿಯಲ್ಲಿ ಮೀನು ಬದಲಾದದ್ದು ಹೊರಬಿದ್ದದ್ದು ಅವರ ದಿನಚರಿಗಳಿಂದ. ಗಾಳಿಬೋರೆಯ ಶಿಬಿರದಲ್ಲಿ ೧೯೯೮ರಿಂದ ೨೦೧೨ರವರೆಗೆ ಹಿಡಿದು ಬಿಟ್ಟ ಮೀನಿನ ಲೆಕ್ಕವನ್ನು ಬರೆದಿಟ್ಟಿದ್ದರು. ವಿಜ್ಞಾನಿಗಳು ಆ ಪುಟಗಳನ್ನು ತಿರುವಿದಾಗಲೇ ಗೂನುಬೆನ್ನಿನದು ವರ್ಷವರ್ಷವೂ ಕಡಮೆಯಾಗುತ್ತ ನೀಲಿ ರೆಕ್ಕೆಯದು ಹೆಚ್ಚುತ್ತ ಬಂದದ್ದು ಕಂಡಿತು. ಮೀನಿನ ಹಿಂದೆ ಹೋಗುವವನು ಕಣ್ಣು ತೆರೆದುಕೊಂಡು ಹೋಗಬಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಸಿಯೆರಾದ ಗಾಳದವರಿಂದ ನಾನು ಕೇಳುವುದೂ ಇಷ್ಟನ್ನೆ. ಉಳಿದ ಸರೋವರಗಳಲ್ಲಿ ಬೇಕಾದಷ್ಟು ಬೀಸಲಿ. ನನ್ನ ಷಡ್ಡಕರ ಕೋಲನ್ನು ಕಸಿಯುವ ಆಸೆ ನನಗಿಲ್ಲ, ಕಸಿದರೆ ನಮ್ಮಿಬ್ಬರ ಮನೆಯವರೂ ಸುಮ್ಮನಿರಲಾರರು. ಆದರೆ ಬಲೆ ಹಾಸಿದ ಸರೋವರಕ್ಕೆ ಅಡ್ಡ ಹೋಗಬಾರದು. ಹೊಸ ನೀರಿಗೆ ಹೊಸ ಮೀನು ಬಿಡಿ ಎಂದು ಸರಕಾರದ ಬೆನ್ನು ಹತ್ತಬಾರದು.

ನಮ್ಮ ಪ್ರವಾಸಕಥನಕಾರರ ಕೆಲಸ ಇನ್ನೂ ಸುಲಭ. ಪ್ರತಿ ವರ್ಷ ಮಳೆಗಾಲದಲ್ಲಿ ಬೆಂಗಳೂರಿನಿಂದ ತಂಡ ತಂಡವಾಗಿ ಕಾಶ್ಮೀರದ ಎತ್ತರದ ಸರೋವರಗಳಿಗೆ ಚಾರಣ ಹೊರಡುತ್ತಾರೆ: ವಿಷನ್‌ಸರ್, ಕೃಷನ್‌ಸರ್, ಗಂಗಾಬಲ್. ಗಂಗಾಬಲ್ ಕಾಶ್ಮೀರಿ ಪಂಡಿತರು ಹಿರಿಯರ ಅಸ್ಥಿ ಬಿಡುತ್ತಿದ್ದ ತೀರ್ಥ. ಅಲ್ಲಿಯೂ ಟ್ರೌಟ್ ಇದೆ, ಅಲ್ಲಿಯೂ ಗಾಳದವರಿದ್ದಾರೆ. ಹಿಂತಿರುಗಿ ಬಂದವರ ಬರಹದಲ್ಲಿ ಯುಗಯುಗಗಳಿಂದ ಸ್ಫಟಿಕಜಲದಲ್ಲಿ ವಿಹರಿಸುತ್ತಿರುವ ಮೀನುಗಳೂ ಇದ್ದೇ ಇರುತ್ತವೆ. ಕಾಶ್ಮೀರಕ್ಕೆ ಟ್ರೌಟ್ ಬಂದದ್ದು ಬ್ರಿಟನ್ನಿನಿಂದ, ಹಡಗಿನಲ್ಲಿ, ಮೊಟ್ಟೆಗಳ ರೂಪದಲ್ಲಿ. ಮೊದಲು ಕಳಿಸಿದ ಮೊಟ್ಟೆಗಳು ದಾರಿಯಲ್ಲಿ ಕೆಟ್ಟು, ೧೯೦೦ರಲ್ಲಿ ಬಂದವು ಉಳಿದವು. ಅವನ್ನು ಸಾಕಿದವನು ಶ್ರೀನಗರದಲ್ಲಿ ರತ್ನಗಂಬಳಿಯ ಕಾರ್ಖಾನೆ ನಡೆಸುತ್ತಿದ್ದ ಫ್ರಾಂಕ್ ಮಿಚೆಲ್. ನಮ್ಮ ನೆರೆಯ ನೀಲಗಿರಿಯ ಅವಲಾಂಚಿಯಲ್ಲಿಯೂ ಟ್ರೌಟ್ ಮರಿ ಮಾಡುವ ಕೇಂದ್ರ ತಲೆಯೆತ್ತಿದ್ದು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ. ಈ ಮಳೆಗಾಲದಲ್ಲಿ ಹೊರಡುವವರು ಗಾಳದ ಪರವಾನಗಿ ಕೊಡುವ ಮೀನುಗಾರಿಕೆ ಇಲಾಖೆಯ ಗುಮಾಸ್ತನನ್ನೇ ಒಂದು ಪ್ರಶ್ನೆ ಕೇಳಿ ಬರಲಿ: ಈ ನೀರಿಗೆ ಈ ಮೀನನ್ನು ಬಿಟ್ಟವರು ಯಾರು, ಯಾವ ವರ್ಷ, ಅದಕ್ಕೆ ಮೊದಲು ಇಲ್ಲಿ ಏನಿತ್ತು? ಉತ್ತರವನ್ನು ಲೇಖನದ ಮೊದಲ ಸಾಲಿನಲ್ಲಿಯೇ ಬರೆಯಲಿ. ಸೂರ್ಯೋದಯದ ವರ್ಣನೆಗೆ ಎರಡನೆಯ ಸಾಲಿನಲ್ಲಿ ಜಾಗವಿರುತ್ತದೆ.